ಗೊತ್ತಪ್ಪ ಖಾಲಿ ಬಿಟ್ಟ ಪ್ರಶ್ನೆಗಳು

ನಮ್ಮ ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ ಹೇಳುವುದಕ್ಕೆ ನಮ್ಮಣ್ಣನಷ್ಟು ಉತ್ಸಾಹ ಇನ್ಯಾರಿಗೂ ಇರಲಿಲ್ಲ. ದಾರಿ ಅವನಿಗೆ ಗೊತ್ತಿರಬೇಕೆಂದೇನೂ ಇಲ್ಲ. ಕಣ್ಣಿನ ಡಾಕ್ಟರ ಮನೆ ಎಲ್ಲಿ ಎಂದು ಒಬ್ಬರು ಮುದುಕರು ಕೇಳಿದರೆ ಸಾಕು, ಸೈಕಲ್ಲಿನಿಂದ ಇಳಿದು, ಬಗಲಲ್ಲಿದ್ದ ಪುಸ್ತಕ ನನ್ನ ಕೈಗೆ ಕೊಟ್ಟು, "ನೆಟ್ಟಗೆ ಹೋಗಿ ಎಡಕ್ಕೆ ತಿರುಗಿ ಸಾರ್, ನೀಲಿ ಗೇಟು ಕಾಣುತ್ತೆ, ಅದೇ" ಎಂದುಬಿಡುತ್ತಿದ್ದ. ಆ ಮುದುಕರು ಊರೆಲ್ಲ ಸುತ್ತಿ, ಬೆವರು ಒರೆಸಿಕೊಳ್ಳುತ್ತ ಇನ್ನೊಂದು ದಿಕ್ಕಿನಿಂದ ವಾಪಸು ಬರುವಾಗ ಅಣ್ಣ ನನ್ನ ಹೊಲಿಗೆ ಮಿಶಿನ್ನಿನ ಹಿಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ.

"ಗೊತ್ತಿಲ್ಲ ಅನ್ನೋಕೆ ಏನು ಧಾಡಿ ನಿಂಗೆ?" ಎಂದು ನಾನು ಬೈಯುತ್ತಿದ್ದೆ.

"ಪಾಪ, ಅಷ್ಟು ವಯಸ್ಸಾದೋರು ಕೇಳ್ತಿದಾರೆ. ಗೊತ್ತಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳೋದು?"

ಮುಖಕ್ಕೆ ಹೊಡೆದ ಹಾಗೆ ಹೇಳಬಾರದಂತೆ, ಆದರೆ ಬಿಸಿಲಲ್ಲಿ ಊರು ಸುತ್ತಿಸಬಹುದಂತೆ. ಬೀದಿಯ ಹುಡುಗರು ಅವನಿಗೆ ಗೊತ್ತಪ್ಪ ಎಂದು ಹೆಸರಿಟ್ಟಿದ್ದರು. ಏನು ಕೇಳಿದರೂ "ಗೊತ್ತಪ್ಪ, ಗೊತ್ತು" ಎಂದೇ ಶುರು ಮಾಡುತ್ತಿದ್ದನಲ್ಲ, ಅದಕ್ಕೆ. ಹೋದ ವರ್ಷ ಅವನು ತೀರಿಕೊಂಡಾಗ ಮಾತಾಡಿಸಲು ಬಂದವರಲ್ಲಿ ಅರ್ಧ ಜನ ಅವನು ಹೇಳಿದ ತಪ್ಪು ದಾರಿಗಳನ್ನೇ ನೆನೆಸಿಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಕದ ಹಾಕಿಕೊಂಡು ಅತ್ತೆ. ಅವನ ಬಗ್ಗೆ ನಾಲ್ಕು ಮಾತು ಬರೆದಿಡು ಎಂದು ಅತ್ತಿಗೆ ಹೇಳಿದ್ದಕ್ಕೆ ಈಗ ಕೂತಿದ್ದೇನೆ. ನಾನು ಬರೆಯುವವಳಲ್ಲ, ಹೊಲಿಯುವವಳು. ಹೊಲಿಗೆ ಓರೆಯಾಗಿದ್ದರೆ ಸಹಿಸಿಕೊಳ್ಳಿ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಆದರೆ ಅಣ್ಣನದು ಹುಟ್ಟುಗುಣ ಅಲ್ಲ, ಅಪ್ಪ ಕಲಿಸಿದ್ದು. ಅಪ್ಪ ಹಿಂದಿನ ಬೀದಿಯ ಪ್ರಾಥಮಿಕ ಶಾಲೆಯಲ್ಲಿ ಹೆಡ್ಮಾಸ್ಟರು. ಅವರ ತರಗತಿಯಲ್ಲಿ ಒಂದು ಕಾನೂನಿತ್ತು. ತಪ್ಪು ಉತ್ತರ ಹೇಳಿದವರಿಗೆ ಪೆಟ್ಟಿಲ್ಲ, ಸುಮ್ಮನೆ ನಿಂತವರಿಗೆ ಪೆಟ್ಟು. "ಬಾಯಿ ಬಿಟ್ರೆ ತಾನೇ ತಪ್ಪು ಎಲ್ಲಿದೆ ಅಂತ ಕಾಣೋದು? ಕಂಡ್ರೆ ತಾನೇ ತಿದ್ದೋದು? ಏನಾದ್ರೂ ಹೇಳು!" ಇದು ಅವರ ಮಾತು. ಮಾತೇನೋ ಸರಿಯೇ ಇತ್ತು. ಬೆತ್ತವೂ ಅದರ ಜೊತೆಗಿತ್ತು.

ನಾವಿಬ್ಬರೂ ಅದೇ ಶಾಲೆಯಲ್ಲಿ ಓದಿದೆವು, ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಸಾರ್. ಸಮುದ್ರದ ನೀರು ಯಾಕೆ ಉಪ್ಪು ಎಂದು ಒಮ್ಮೆ ಅಣ್ಣನನ್ನು ಎಬ್ಬಿಸಿ ಕೇಳಿದರಂತೆ. ಅಣ್ಣ ಕಣ್ಣು ಮಿಟುಕಿಸದೆ, "ಮೀನುಗಳು ಒಳಗೇ ಅಳ್ತಾವಲ್ಲ ಸಾರ್, ಅದಕ್ಕೆ" ಅಂದನಂತೆ. ಅಪ್ಪ ಬಿದ್ದು ಬಿದ್ದು ನಕ್ಕು, ಸರಿಯುತ್ತರ ಹೇಳಿಕೊಟ್ಟು, ಬೆನ್ನು ತಟ್ಟಿ ಕೂರಿಸಿದರು. ಎರಡು ವರ್ಷದ ನಂತರ ಅದೇ ಪ್ರಶ್ನೆ ನನ್ನ ಪಾಲಿಗೆ ಬಂತು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಕ್ಕೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ನೆಲ ನೋಡುತ್ತ ನಿಂತೆ. ಅಂಗೈ ಮೇಲೆ ಬಾಸುಂಡೆ ಬಂತು. ಮಗಳೆಂದು ಒಂದು ಪೆಟ್ಟೂ ಕಡಿಮೆಯಾಗಲಿಲ್ಲ, ಬಹುಶಃ ಮಗಳೆಂದೇ ಒಂದು ಹೆಚ್ಚಾಯಿತು. ಏಳನೇ ತರಗತಿ ಮುಗಿದ ಮೇಲೆ ನಾನು ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಅಮ್ಮನ ಹೊಲಿಗೆ ಮಿಶಿನ್ ಹತ್ತಿದೆ. ಅದರ ಬಗ್ಗೆ ನನಗೆ ಬೇಜಾರಿಲ್ಲ ಎಂದರೆ ಸುಳ್ಳು. ಆದರೆ ಮಿಶಿನ್ನು ನನ್ನನ್ನು ಪ್ರಶ್ನೆ ಕೇಳುತ್ತಿರಲಿಲ್ಲ, ಅದು ದೊಡ್ಡ ನೆಮ್ಮದಿ.

ನಮ್ಮದು ಮೂರು ಕೋಣೆಯ ಮನೆ. ಬೀದಿ ಕಡೆಯ ಕೋಣೆ ನನ್ನದು ಮತ್ತು ಅಣ್ಣನದು. ಕಿಟಕಿ ಪಕ್ಕ ಮಿಶಿನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಆ ಮೇಜಿನ ಕೆಳಗೆ ಅಣ್ಣನ ಗೈಡುಗಳು. ನಾನು ಮೇಲೆ ಕತ್ತರಿಸಿದ ಚೂರುಗಳೆಲ್ಲ ಅವನ ಪುಸ್ತಕಗಳ ಮೇಲೆ ಬೀಳುತ್ತಿದ್ದವು, ಅವನ ಪುಟಗಳ ನಡುವೆ ಯಾವಾಗಲೂ ಯಾರದೋ ಲಂಗದ ಅಂಚು, ಯಾರದೋ ಅಂಗಿಯ ಕಾಲರಿನ ತುಂಡು ಸಿಗುತ್ತಿತ್ತು. ನಡುಕೋಣೆಯ ಬಾಗಿಲಲ್ಲಿ ಅಪ್ಪನ ಬೆತ್ತದ ಕುರ್ಚಿ. ನಾನು ಹೇಳಹೊರಟ ಹೊತ್ತಿಗೆ ಅವರು ನಿವೃತ್ತರಾಗಿದ್ದರು, ಆದರೆ ಕುರ್ಚಿಯನ್ನು ಎರಡೂ ಕೋಣೆ ಕಾಣುವಂತೆ ಹಾಕಿಸಿಕೊಂಡಿದ್ದರು. ಹೆಡ್ಮಾಸ್ಟರಿಗೆ ನಿವೃತ್ತಿ ಸಂಬಳಕ್ಕೆ ಮಾತ್ರ, ಕಣ್ಣಿಗಲ್ಲ.

ಅಣ್ಣ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ಬೇರೆಯವರ ಸರ್ಟಿಫಿಕೇಟುಗಳನ್ನು ಗಾಜಿನ ಮೇಲಿಟ್ಟು ಮುಚ್ಚಳ ಹಾಕುವುದು, ಸಂಜೆ ಬಂದು ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಓದುವುದು. ಪರೀಕ್ಷೆ ಬರೆದು ಬರೆದು ಅವನ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಕೆಲಸ ಹಿಡಿದರು, ಕೆಲವರು ಆಸೆ ಬಿಟ್ಟರು. ಇವನು ಮಾತ್ರ ಪ್ರತಿ ಸಲ ಕೂದಲೆಳೆಯಲ್ಲಿ ಕೆಲಸ ತಪ್ಪಿಸಿಕೊಂಡು ಬರುತ್ತಿದ್ದ. ಕೈಗೆ ಬಂದದ್ದು ಬಾಯಿಗೆ ಬರುತ್ತಿರಲಿಲ್ಲ. ನಾನು ಹೇಳುವ ವರ್ಷ ಅವನಿಗೆ ವಯಸ್ಸಿನ ಮಿತಿ ಮುಟ್ಟಿತ್ತು. ಇನ್ನೊಂದೇ ಪರೀಕ್ಷೆ. ಅದೂ ಹೋದರೆ ಜೀವನಪೂರ್ತಿ ಆ ಜೆರಾಕ್ಸ್ ಮಿಶಿನ್ನಿನ ಹಸಿರು ಬೆಳಕೇ ಗತಿ.

ಅದಕ್ಕೆ ಮುಂಚಿನ ಪರೀಕ್ಷೆಯ ಅಂಕಗಳು ಬಂದ ದಿನ ಅಣ್ಣ ನನ್ನ ಸೀಮೆಸುಣ್ಣ ತೆಗೆದುಕೊಂಡು ಕತ್ತರಿಸುವ ಮೇಜಿನ ಮೇಲೆಯೇ ಲೆಕ್ಕ ಹಾಕಿದ. ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಮುಂದಿನ ಸೊನ್ನೆಯಂಥ ಗುಂಡನ್ನು ಪೆನ್ನಿನಿಂದ ತುಂಬಬೇಕು. ತುಂಬಿದ್ದು ತಪ್ಪಾದರೆ ಅರ್ಧ ಅಂಕ ಕಡಿತ. ಎರಡು ತಪ್ಪು ಸೇರಿದರೆ ಒಂದು ಸರಿಯುತ್ತರವನ್ನು ನುಂಗಿ ನೀರು ಕುಡಿದುಬಿಡುತ್ತವೆ. ಖಾಲಿ ಬಿಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಣ್ಣ ಯಾವತ್ತೂ ಒಂದನ್ನೂ ಖಾಲಿ ಬಿಟ್ಟವನಲ್ಲ.

"ನೋಡೆ ಇಲ್ಲಿ," ಅಂದ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. "ಗೊತ್ತಿದ್ದಿದ್ದಷ್ಟೇ ಬರೆದು, ಮಿಕ್ಕ ಹೊತ್ತು ಕಿಟಕಿ ಹೊರಗೆ ಕಾಗೆ ಎಣಿಸ್ಕೊಂಡು ಕೂತಿದ್ರೂ ನಂಗೆ ಕೆಲಸ ಸಿಕ್ತಿತ್ತು."

"ಹಾಗಾದ್ರೆ ಈ ಸಲ ಬಿಡು."

"ಬಿಡಬೇಕು ಅಂತ ನಂಗೂ ಗೊತ್ತು ಕಣೆ. ಕೈ ಬಿಡಲ್ಲ. ಖಾಲಿ ಗುಂಡು ನೋಡಿದ್ರೆ ಯಾರೋ ಬಾಗಿಲಲ್ಲಿ ನಿಂತು ಕೇಳ್ತಿರೋ ಹಾಗಿರುತ್ತೆ. ಏನಾದ್ರೂ ಹೇಳಿ ಕಳಿಸಿದ್ರೇನೇ ಸಮಾಧಾನ."

ನಾನು ನಡುಕೋಣೆಯ ಬಾಗಿಲ ಕಡೆ ನೋಡಿದೆ. ಅಪ್ಪ ಪೇಪರು ಓದುತ್ತಿದ್ದರು. ಪೇಪರಿನ ಹಿಂದೆ ಕಿವಿ ನಮ್ಮ ಕಡೆಗೇ ಇತ್ತು ಎಂದು ಈಗಲೂ ಆಣೆ ಮಾಡಿ ಹೇಳುತ್ತೇನೆ.

ಮಾರನೆಯ ದಿನದಿಂದ ನಾನು ಅಣ್ಣನ ಮೇಷ್ಟ್ರಾದೆ. ಪ್ರಶ್ನೆಯ ತಲೆಬುಡ ನನಗೆ ತಿಳಿಯುತ್ತಿರಲಿಲ್ಲ, ಉತ್ತರ ಪುಸ್ತಕದ ಹಿಂದೆ ಇರುತ್ತಿತ್ತು, ಅಷ್ಟು ಸಾಕು. ನನ್ನ ಬಳಿ ಇದ್ದದ್ದು ಗುಂಡಿ ಡಬ್ಬಿ. ಹಳೇ ಬಿಸ್ಕತ್ತಿನ ಡಬ್ಬಿ, ತುಂಬ ಬಣ್ಣಬಣ್ಣದ ಗುಂಡಿಗಳು. ದಿನಾ ಸಂಜೆ ಅವನಿಗೆ ಒಂದು ಹಿಡಿ ಗುಂಡಿ ಕೊಡುತ್ತಿದ್ದೆ. ನಾನು ಪೆಡಲು ತುಳಿಯುತ್ತಲೇ ಪ್ರಶ್ನೆ ಓದುತ್ತಿದ್ದೆ. ಸರಿಯುತ್ತರಕ್ಕೆ ಎರಡು ಗುಂಡಿ ಕೊಡುತ್ತೇನೆ, ತಪ್ಪಿಗೆ ಒಂದು ಕಿತ್ತುಕೊಳ್ಳುತ್ತೇನೆ, ಗೊತ್ತಿಲ್ಲದಿದ್ದರೆ ಎರಡೂ ಕೈ ತೊಡೆ ಮೇಲಿಟ್ಟು ಕೂರಬೇಕು, ಬಾಯಿ ತೆಗೆಯಬಾರದು. ಕೊಟ್ಟ ಹಿಡಿಗಿಂತ ಕಡಿಮೆಯಾದರೆ ಆ ದಿನದ ಹೊಲಿಗೆ ಬಿಚ್ಚುವ ಕೆಲಸ ಅವನದು. ಹೊಲಿಯುವವರಿಗೆ ಬಿಚ್ಚುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಒಂದೊಂದೇ ಎಳೆ, ಬಟ್ಟೆ ಹರಿಯದಂತೆ. ಮೊದಲ ವಾರ ನನ್ನ ಬಿಚ್ಚುವ ಕೆಲಸವೆಲ್ಲ ಅವನೇ ಮಾಡಿದ. ಕೆಲಸ ಸಾಲದೆ, ಚೆನ್ನಾಗಿದ್ದ ಒಂದು ತೋಳನ್ನೂ ಬಿಚ್ಚಿಸಿದೆ. ಪಾಠ ಅಂದ ಮೇಲೆ ಪಾಠ.

ಅಮ್ಮನೂ ಸೇರಿಕೊಂಡಳು. ಮನೆಯಲ್ಲಿ ಯಾವ ಪ್ರಶ್ನೆಗಾದರೂ ಅಣ್ಣ ಗೊತ್ತಿದ್ದರೆ ಮಾತ್ರ ಉತ್ತರ ಹೇಳಬೇಕು ಎಂದು ಅವಳ ಅಪ್ಪಣೆಯಾಯಿತು. ಬೇಕೆಂದೇ ಕೇಳುತ್ತಿದ್ದಳು.

"ಏನೋ, ನಾಳೆ ಮಳೆ ಬರುತ್ತೇನೋ? ಬಟ್ಟೆ ನೆನೆಸ್ಲಾ?"

ಅಣ್ಣನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಆಮೇಲೆ ಕಹಿ ಔಷಧಿ ಕುಡಿದ ಮಗುವಿನ ಮುಖ ಮಾಡಿ, "ಗೊ... ಗೊತ್ತಿಲ್ಲ" ಎನ್ನುತ್ತಿದ್ದ. ಅಮ್ಮ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಆ ಕೋಣೆಯ ಎಣ್ಣೆ, ಹೊಸ ಬಟ್ಟೆ, ಹಳೇ ಪುಸ್ತಕ ಎಲ್ಲ ಬೆರೆತ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಅಷ್ಟು ನಗು ಅದಕ್ಕೆ ಮುಂಚೆ ಇರಲಿಲ್ಲ. ಆಮೇಲೂ ಅಷ್ಟು ಇರಲಿಲ್ಲ.

ಕಲಿಯುತ್ತ ಕಲಿಯುತ್ತ ಅಣ್ಣ ಇನ್ನೊಂದು ಕೊನೆಗೆ ಹೋಗಿಬಿಟ್ಟ. ಒಂದು ದಿನ ಹೆಂಗಸೊಬ್ಬಳು ಕಿಟಕಿಯಲ್ಲಿ ನಿಂತು, "ಟೈಲರಮ್ಮ ಇದ್ದಾರಾ?" ಎಂದು ಕೇಳಿದಳು. ನಾನು ಒಳಗೆ ನೀರು ಕುಡಿಯುತ್ತಿದ್ದೆ. "ಗೊತ್ತಿಲ್ಲ" ಎಂದು ಗಂಭೀರವಾಗಿ ಹೇಳಿ ಕಳಿಸಿದ್ದ! ಗಿರಾಕಿ ಹೋದ ಸಿಟ್ಟಿಗೆ ಗುಂಡಿ ಡಬ್ಬಿ ಎತ್ತಿ ಅವನ ಕಡೆ ಎಸೆದೆ. ಗುಂಡಿಗಳು ಮನೆಯೆಲ್ಲ ಚೆಲ್ಲಿದವು.

ಇಬ್ಬರೂ ನೆಲದ ಮೇಲೆ ಕೂತು ಅವನ್ನು ಆರಿಸುವಾಗ ಅಣ್ಣ ತನ್ನ ಕಾನೂನು ಹೇಳಿದ. ಪುಸ್ತಕದ ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿತ್ತು.

"ಎಲ್ಲಾನೂ ಬಿಟ್ರೂ ಕೆಲಸ ಸಿಗಲ್ಲ ಕಣೆ. ಏನೂ ಗೊತ್ತಿಲ್ದೆ ನಾಲ್ಕರಲ್ಲಿ ಒಂದು ಹೊಡೆದ್ರೆ ನಷ್ಟ. ಒಂದನ್ನ ಅಲ್ಲ ಅಂತ ತೆಗೆದ್ರೆ ಅಲ್ಲಿಂದಲ್ಲಿಗೆ, ಲಾಭವೂ ಇಲ್ಲ ನಷ್ಟವೂ ಇಲ್ಲ. ಎರಡನ್ನ ಖಂಡಿತ ಅಲ್ಲ ಅಂತ ತೆಗೆಯೋಕಾದ್ರೆ ಮಾತ್ರ ಧೈರ್ಯ ಮಾಡಬೇಕು."

"ಹಾಗಾದ್ರೆ ಬಾಗಿಲಲ್ಲಿ ಹೆಂಗಸು ಬಂದು ನಾನು ಇದೀನಾ ಅಂತ ಕೇಳಿದ್ರೆ?"

"ನೀನು ಇದ್ದೀಯ, ಇಲ್ಲ, ಎರಡೇ ಅಲ್ವಾ. ಧೈರ್ಯ ಮಾಡಬೇಕಿತ್ತು," ಎಂದು ನಗುತ್ತ ಮೇಜಿನ ಕೆಳಗಿನಿಂದ ಒಂದು ಗುಂಡಿ ಹೆಕ್ಕಿ ಕೊಟ್ಟ.

ಎರಡು ತೆಗೆಯೋಕಾದ್ರೆ ಬರಿ, ಇಲ್ದಿದ್ರೆ ಬಿಡು. ಅದು ನಮ್ಮ ಮಂತ್ರವಾಯಿತು. ಸಂಜೆಗಳಲ್ಲಿ ಅಣ್ಣನ ಮುಂದಿನ ಗುಂಡಿ ರಾಶಿ ಬೆಳೆಯತೊಡಗಿತು, ಬಿಚ್ಚುವ ಕೆಲಸ ಮತ್ತೆ ನನ್ನ ಪಾಲಿಗೆ ಬಂತು. ಇಷ್ಟೆಲ್ಲ ಆದರೂ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ನಮ್ಮ ಆಟವೆಲ್ಲ ನಡೆಯುತ್ತಿದ್ದದ್ದು ಅಪ್ಪ ಸಂಜೆ ತಿರುಗಾಡಲು ಹೋದಾಗ. ಅಣ್ಣ "ಗೊತ್ತಿಲ್ಲ" ಎಂದು ಅಮ್ಮನಿಗೆ ಅಂದ, ನನಗೆ ಅಂದ, ಹಾಲಿನವನಿಗೆ ಅಂದ. ಅಪ್ಪನಿಗೆ ಮಾತ್ರ ಒಂದು ಸಲವೂ ಅನ್ನಲಿಲ್ಲ. ಅಪ್ಪ ಏನು ಕೇಳಿದರೂ ಅವನ ನಾಲಿಗೆ ಮೊದಲಿನಂತೆಯೇ ಓಡುತ್ತಿತ್ತು.

ಪರೀಕ್ಷೆಗೆ ಒಂದು ವಾರವಿರುವಾಗ ಭಾನುವಾರ ಅಣ್ಣ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಇಟ್ಟುಕೊಂಡು, ಗಡಿಯಾರ ಎದುರಿಗಿಟ್ಟು, ಪೂರ್ತಿ ಪರೀಕ್ಷೆ ಬರೆಯಲು ಕೂತ. ಅಂದು ಅಪ್ಪ ಹೊರಗೆ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಮಧ್ಯೆ ಒಮ್ಮೆ ಗಂಟಲು ಸರಿಮಾಡಿಕೊಂಡರು, ಅಷ್ಟೇ. ಅಣ್ಣ ಬರೆದು ಮುಗಿಸಿದ ಮೇಲೆ ಹಾಳೆ ತೆಗೆದುಕೊಂಡು ನೋಡಿದೆ. ಒಂದೂ ಖಾಲಿ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಗುಂಡುಗಳೂ ಕಪ್ಪಗೆ ತುಂಬಿದ್ದವು. ತಿದ್ದಿದರೆ ಮತ್ತೆ ಅದೇ ಹಳೇ ಕತೆ, ಸರಿಯನ್ನೆಲ್ಲ ತಪ್ಪು ತಿಂದಿತ್ತು.

"ಇದೇನಣ್ಣ ಇದು?"

ಅವನು ತಲೆ ಎತ್ತಲಿಲ್ಲ. "ಕೈ ಬಿಡಲಿಲ್ಲ," ಅಂದ.

ಆಗ ಅಪ್ಪ ಕುರ್ಚಿಯಿಂದಲೇ, "ಬಿಡೋದೇನು ದೊಡ್ಡ ವಿದ್ಯೆಯಾ? ಖಾಲಿ ಕಾಗದ ಕೊಟ್ಟು ಬರೋಕೆ ಪರೀಕ್ಷೆಗೆ ಯಾಕೆ ಹೋಗಬೇಕು? ಪ್ರಯತ್ನ ಪಡದೆ ಇರೋದನ್ನ ಸೋಮಾರಿತನ ಅಂತಾರೆ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಮಿಶಿನ್ ಬಿಟ್ಟು ಎದ್ದು ನಿಂತೆ. ಅಪ್ಪನ ಎದುರು ದನಿಯೆತ್ತಿ ಮಾತಾಡಿದ್ದು ಅದೇ ಮೊದಲು.

"ಅವನ ಕೈ ಹಿಡಿದಿರೋದು ನೀವು ಅಪ್ಪ! ಏನಾದ್ರೂ ಹೇಳು, ಏನಾದ್ರೂ ಹೇಳು ಅಂತ ಚಿಕ್ಕಂದಿನಿಂದ ತಲೆಗೆ ತುಂಬಿ ತುಂಬಿ, ಈಗ ಸುಮ್ನಿರು ಅಂದ್ರೆ ಅವನು ಹೇಗೆ ಇರ್ತಾನೆ? ಗೊತ್ತಿಲ್ಲ ಅಂದ್ರೆ ಪೆಟ್ಟು ಬೀಳುತ್ತೆ ಅಂತ ಇವತ್ತಿಗೂ ಅವನ ಕೈಗೆ ಭಯ. ಈ ಸಲ ಹೋದ್ರೆ ಇನ್ನಿಲ್ಲ, ಗೊತ್ತಲ್ವಾ ನಿಮಗೆ?"

"ಏಯ್, ಸುಮ್ನಿರೆ," ಎಂದು ಅಮ್ಮ ಅಡುಗೆಮನೆಯಿಂದ ಓಡಿ ಬಂದಳು.

ಅಪ್ಪ ನನ್ನನ್ನೇ ನೋಡಿದರು. ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಲಿಲ್ಲ. ಎದ್ದು, ಕುರ್ಚಿ ಅಲ್ಲೇ ಬಿಟ್ಟು, ಒಳಗಿನ ಕೋಣೆಗೆ ಹೋದರು. ಆ ವಾರವಿಡೀ ಅಪ್ಪ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದರು, ಪೇಪರು ಹಿಡಿದರೆ ಪುಟ ತಿರುವುತ್ತಿರಲಿಲ್ಲ. ಒಳ್ಳೆಯದಕ್ಕೆ ಹೇಳಿದೆನೋ, ಇದ್ದ ನೆಮ್ಮದಿಯನ್ನೂ ಕೆಡಿಸಿದೆನೋ ಎಂದು ನಾನು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಅಣ್ಣನ ಮುಖವಂತೂ ನೋಡಲಾಗುತ್ತಿರಲಿಲ್ಲ. ಗುಂಡಿ ಆಟಕ್ಕೆ ಕೂತರೂ ಮನಸ್ಸಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ. ಇನ್ನೂ ದೀಪ ಹಾಕಿರಲಿಲ್ಲ. ಅಣ್ಣ ಪೆನ್ನುಗಳನ್ನು ಬರೆದು ನೋಡಿ ಜೇಬಿಗೆ ಸಿಕ್ಕಿಸುತ್ತಿದ್ದ. ಅಪ್ಪ ಆ ಬೆತ್ತದ ಕುರ್ಚಿಯನ್ನು ತಾವೇ ಎತ್ತಿಕೊಂಡು ನಮ್ಮ ಕೋಣೆಗೆ ಬಂದರು. ಕತ್ತರಿಸುವ ಮೇಜಿನ ಎದುರು ಅದನ್ನಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತರು.

"ಕೇಳು," ಅಂದರು.

ಅಣ್ಣನಿಗೆ ಅರ್ಥವಾಗಲಿಲ್ಲ. "ಏನು ಕೇಳಲಪ್ಪ?"

"ನಿನ್ನ ಪುಸ್ತಕದಲ್ಲಿರೋದು. ನನ್ನ ಕೇಳು."

ಅಣ್ಣ ನನ್ನ ಮುಖ ನೋಡಿದ. ನಾನು ಗೈಡನ್ನು ಅವನ ಕೈಗೆ ತಳ್ಳಿದೆ. ಅವನು ಹೆದರುತ್ತ ಒಂದು ಕೇಳಿದ. ಅಪ್ಪ ತಟ್ಟನೆ ಹೇಳಿದರು, ಸರಿ. ಇನ್ನೊಂದು, ಅದೂ ಸರಿ. ವ್ಯಾಕರಣ, ನದಿಗಳು, ಶೇಕಡಾ ಲೆಕ್ಕ, ಒಂದಕ್ಕೂ ಅವರು ತಡವರಿಸಲಿಲ್ಲ. ಇದೇನು ಮಗನಿಗೆ ಧೈರ್ಯ ತುಂಬಲು ಬಂದರೋ, ತಮ್ಮ ಪಾಂಡಿತ್ಯ ತೋರಿಸಲು ಬಂದರೋ ಎಂದು ನನಗೆ ಮತ್ತೆ ಕೋಪ ಬರತೊಡಗಿತ್ತು. ಆಗ ಅಣ್ಣ ಪುಟ ತಿರುವಿ ಕಂಪ್ಯೂಟರಿನ ಪ್ರಶ್ನೆಗಳಿಗೆ ಬಂದ. ಒಂದು ಕಿಲೋಬೈಟಿಗೆ ಎಷ್ಟು ಬೈಟು ಎಂದು ಓದಿ, ನಾಲ್ಕು ಉತ್ತರಗಳನ್ನೂ ಹೇಳಿದ.

ಅಪ್ಪನ ತುಟಿ ಅಲುಗಿತು. ಹಣೆಯ ಮೇಲೆ ಬೆವರು ಬಂತು. ನನಗೆ ಪಾಪ ಅನಿಸಿತು, ಏನಾದ್ರೂ ಒಂದು ಹೇಳಿಬಿಡಿ ಅಪ್ಪ ಎಂದು ನಾನೇ ಹೇಳುವವಳಿದ್ದೆ. ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು.

"ಗೊತ್ತಿಲ್ಲ," ಅಂದರು ಅಪ್ಪ.

ಅಣ್ಣ ಪುಸ್ತಕ ಕೆಳಗಿಟ್ಟ.

"ಯಾಕೆ ನಿಲ್ಲಿಸಿದೆ? ಇನ್ನೊಂದು ಕೇಳು."

ಇನ್ನೊಂದು ಕೇಳಿದ. "ಗೊತ್ತಿಲ್ಲ." ಮತ್ತೊಂದು. "ಅದೂ ಗೊತ್ತಿಲ್ಲ." ಮೊದಲನೆಯದು ಹೇಳುವಾಗ ದನಿ ನಡುಗುತ್ತಿತ್ತು, ಆಮೇಲೆ ನಡುಗಲಿಲ್ಲ. ಕಂಪ್ಯೂಟರಿನ ಪುಟ ಪೂರ್ತಿ ಮುಗಿಯುವವರೆಗೆ ನಮ್ಮಪ್ಪ, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಹೆಡ್ಮಾಸ್ಟರು, ಒಂದಾದ ಮೇಲೊಂದು ಗೊತ್ತಿಲ್ಲ ಎನ್ನುತ್ತಲೇ ಹೋದರು. ಕೊನೆಗೆ ಎದ್ದು ನಿಂತು, ಸುತ್ತ ನೋಡಿ, "ನೋಡಿದ್ಯಾ? ಗೋಡೆ ಬೀಳಲಿಲ್ಲ. ನಾಳೆ ಹೋಗಿ ಬಾ" ಎಂದರು.

ಅಣ್ಣ ಅಂದು ಅತ್ತನೋ ಇಲ್ಲವೋ, ನಾನು ನೋಡಲಿಲ್ಲ. ನೋಡಲು ನನ್ನ ಕಣ್ಣು ಸರಿಯಿರಲಿಲ್ಲ.

ಪರೀಕ್ಷೆಯ ಕತೆ ಅವನೇ ಎಷ್ಟೋ ಸಲ ಹೇಳಿದ್ದಾನೆ. ಮೊದಲು ಗೊತ್ತಿದ್ದದ್ದನ್ನೆಲ್ಲ ತುಂಬಿದನಂತೆ. ಆಮೇಲೆ ಎರಡನ್ನು ತೆಗೆದುಹಾಕಲು ಸಾಧ್ಯವಾದ ಪ್ರಶ್ನೆಗಳಿಗೆ ವಾಪಸು ಬಂದನಂತೆ. ಮಿಕ್ಕದ್ದು ಬಂದಾಗ ಪೆನ್ನಿನ ಮುಚ್ಚಳ ಹಾಕಿ, ಎರಡೂ ಕೈ ತೊಡೆ ಮೇಲಿಟ್ಟು ಕೂತನಂತೆ. ಮೇಲ್ವಿಚಾರಕಿ ಬಂದು, "ಯಾಕಪ್ಪ, ಹುಷಾರಿಲ್ವಾ?" ಎಂದು ಕೇಳಿದರಂತೆ. "ಚೆನ್ನಾಗಿದೀನಿ ಮೇಡಂ, ಬಿಡ್ತಾ ಇದೀನಿ" ಅಂದನಂತೆ. ಅವರು ನೀರು ತರಿಸಿಕೊಟ್ಟರಂತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಗೊತ್ತಪ್ಪನ ಕೈವಾಡ ಎಂದು ನಾನು ಹೇಳಲಾರೆ.

ಅವನು ಮನೆಗೆ ಬಂದಾಗ ಅಪ್ಪ ಹೊಸ್ತಿಲಲ್ಲೇ ನಿಂತಿದ್ದರು. "ಎಷ್ಟು ಬಿಟ್ಟೆ?"

"ಬೇಕಾದಷ್ಟು ಬಿಟ್ಟೆ ಅಪ್ಪ."

ಅಪ್ಪನ ಮೈಮೇಲೆ ಒಂದು ಕ್ಷಣ ಹಳೇ ಹೆಡ್ಮಾಸ್ಟರು ಬಂದದ್ದು ಕಂಡಿತು. ಹುಬ್ಬು ಮೇಲೆ ಹೋಯಿತು. ಆದರೆ, "ಒಳಗೆ ಬಾ, ಕೈಕಾಲು ತೊಳಿ" ಎಂದಷ್ಟೇ ಹೇಳಿದರು.

ಫಲಿತಾಂಶ ಬರುವವರೆಗಿನ ತಿಂಗಳುಗಳು ಯಾರಿಗೂ ಬೇಡ. ಅಣ್ಣ ಊಟದ ಮಧ್ಯೆ ತುತ್ತು ಕೈಯಲ್ಲಿ ಹಿಡಿದು, "ಅಯ್ಯೋ, ಅದು ಗೊತ್ತಿತ್ತು ಕಣೆ! ಅದನ್ಯಾಕೆ ಬಿಟ್ಟೆ?" ಎಂದು ಕೂಗುತ್ತಿದ್ದ. ಬಿಟ್ಟ ಪ್ರಶ್ನೆಗಳೆಲ್ಲ ಸಾಲಾಗಿ ಬಂದು ಅವನನ್ನು ಕಾಡಿದವು. ತಪ್ಪು ಬರೆದಿದ್ದರೆ ಹಣೆಬರಹ ಅಂದುಕೊಳ್ಳಬಹುದಿತ್ತು, ಬಿಟ್ಟದ್ದಕ್ಕೆ ತಾನೇ ಹೊಣೆ. ಬಿಡು ಬಿಡು ಎಂದು ಅಷ್ಟು ದಿನ ಬಡಿದುಕೊಂಡವಳು ನಾನು. ಕೆಲಸ ಸಿಗದಿದ್ದರೆ ಅವನ ಕೊನೆಯ ಅವಕಾಶವನ್ನು ಗುಂಡಿ ಆಟ ಆಡಿ ಹಾಳು ಮಾಡಿದವಳು ಎಂಬ ಹೆಸರು ನನಗೇ.

ಫಲಿತಾಂಶದ ದಿನ ಅವನು ನೋಟಿಸ್ ಬೋರ್ಡ್ ನೋಡಲು ಹೋದ. ಸಂಜೆಯಾದರೂ ಬರಲಿಲ್ಲ. ಬಂದಾಗ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಅದನ್ನು ಕಂಡು, ಹೋಯಿತು ಅಂದುಕೊಂಡೆ. ಗೋಡೆಗೆ ಸೈಕಲ್ ಒರಗಿಸಿ, ಒಳಗೆ ಬಂದು, ನನ್ನ ಮಿಶಿನ್ನಿನ ಪಕ್ಕ ನೆಲದ ಮೇಲೆ ಕೂತ.

"ಸಿಕ್ತು ಕಣೆ," ಅಂದ. "ಟೈರು ಪಂಚರ್ ಆಯ್ತು."

ಅಮ್ಮ ಒಮ್ಮೆಲೇ ನಕ್ಕು, ಒಮ್ಮೆಲೇ ಅತ್ತು, ಒಲೆಯ ಮೇಲಿದ್ದ ಹಾಲು ಉಕ್ಕಿಸಿದಳು.

ಅವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು, ಅಲ್ಲೇ ನಿವೃತ್ತನಾದ. ಬೀದಿಯಲ್ಲಿ ದಾರಿ ಹೇಳುವ ಚಾಳಿ ಮಾತ್ರ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ. ಆದರೆ ಕಚೇರಿಯಲ್ಲಿ ಗೊತ್ತಪ್ಪನ ಮಾತು ಎಂದರೆ ಜನಕ್ಕೆ ನಂಬಿಕೆ. ನಲ್ಲಿ ಯಾವಾಗ ಹಾಕ್ತೀರಿ ಎಂದು ಕೇಳಿದವರಿಗೆ ನಾಳೆ, ನಾಡಿದ್ದು ಎಂದು ತಿಪ್ಪೆ ಸಾರಿಸುತ್ತಿರಲಿಲ್ಲ. "ಇವತ್ತು ಗೊತ್ತಿಲ್ಲ, ಕೇಳಿ ಹೇಳ್ತೀನಿ, ಗುರುವಾರ ಬನ್ನಿ" ಅನ್ನುತ್ತಿದ್ದ. ಗುರುವಾರ ಬಂದರೆ ಕೇಳಿ ಇಟ್ಟಿರುತ್ತಿದ್ದ. ಅತ್ತಿಗೆ ಅವನನ್ನು ಮೊದಲು ಕಂಡದ್ದೂ ಹಾಗೇ ಒಂದು ನಲ್ಲಿಯ ಅರ್ಜಿ ಹಿಡಿದು ಬಂದಾಗ.

ಮತ್ತೆ ಫಲಿತಾಂಶ ಬಂದ ಆ ಸಂಜೆಗೆ ಬರುತ್ತೇನೆ. ಅಮ್ಮ ಚಹಾ ಮಾಡಲು ಒಳಗೆ ಹೋಗಿದ್ದಳು. ಅಪ್ಪ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಮಗನಿಗೆ ಕೆಲಸ ಸಿಕ್ಕಿದೆ, ಮುಖದಲ್ಲಿ ಖುಷಿ ಇರಬೇಕಿತ್ತು. ಇತ್ತು ಕೂಡ. ಅದರ ಜೊತೆ ಇನ್ನೇನೋ ಇತ್ತು. ಬಹಳ ಹೊತ್ತು ತಮ್ಮ ಬಲಗೈಯನ್ನೇ ನೋಡಿಕೊಂಡರು.

"ಬಿಟ್ಟಿದ್ದಕ್ಕೇ ಸಿಕ್ತು, ಅಲ್ವೇನೋ?" ಅಂದರು.

"ಹೌದಪ್ಪ."

"ಗೊತ್ತಿಲ್ಲದ್ದಕ್ಕೆ ಸುಮ್ಮನಿದ್ದೆ. ಅದಕ್ಕೆ ಸಿಕ್ತು." ಆಮೇಲೆ ದನಿ ಇಳಿಯಿತು. "ನನ್ನ ಕ್ಲಾಸಲ್ಲಿ ಸುಮ್ಮನೆ ನಿಂತ ಮಕ್ಕಳು ಎಷ್ಟೋ ಜನ ಇದ್ರು ಕಣೋ. ಸುಳ್ಳು ಹೇಳೋಕೆ ಬರದೆ ನಿಂತಿದ್ರೇನೋ. ಅವರಿಗೇ ಹೊಡೆದೆ. ಹುಡುಕಿ ಹುಡುಕಿ ಅವರಿಗೇ ಹೊಡೆದೆ. ಅವರೆಲ್ಲ ಈಗ ಎಲ್ಲಿದಾರೋ, ಏನಾಗಿದಾರೋ?"

ನನ್ನ ಕಾಲು ಪೆಡಲಿನ ಮೇಲೆ ನಿಂತಿತು. ಅಣ್ಣ ಏನು ಹೇಳುತ್ತಾನೆಂದು ನನಗೆ ಗೊತ್ತಿತ್ತು. ಎಲ್ಲರೂ ಚೆನ್ನಾಗಿದಾರೆ ಬಿಡಿ ಅಪ್ಪ, ಒಬ್ಬ ಇಂಜಿನಿಯರು, ಒಬ್ಬ ಅಂಗಡಿ ಇಟ್ಟಿದಾನೆ, ಮೊನ್ನೆ ಸಿಕ್ಕಿ ನಿಮ್ಮನ್ನ ಕೇಳಿದ ಎಂದು ಒಂದು ಕತೆ ಕಟ್ಟಿ ಮುದುಕರ ಮನಸ್ಸು ಹಗುರ ಮಾಡುತ್ತಾನೆ. ಜೀವಮಾನವೆಲ್ಲ ಅವನು ಮಾಡಿದ್ದು ಅದೇ ತಾನೇ. ಅವನ ಬಾಯಿ ತೆರೆಯಿತು. ಮುಚ್ಚಿತು.

"ಗೊತ್ತಿಲ್ಲಪ್ಪ," ಅಂದ.

ಅಪ್ಪನಿಗೆ ಅವನು ಆ ಮಾತು ಹೇಳಿದ್ದು ಅದೇ ಮೊದಲು. ನನ್ನ ಕಡೆ ನೋಡದೆ, ಅವನೇ ಮುಂದುವರಿಸಿದ.

"ಮಿಕ್ಕವರದ್ದು ಗೊತ್ತಿಲ್ಲ. ಒಬ್ಬಳು ಇಲ್ಲೇ ಇದಾಳೆ."

ಅಪ್ಪ ತಲೆಯೆತ್ತಿದರು. ಎದ್ದು ಬಂದು ನನ್ನ ಮಿಶಿನ್ನಿನ ಪಕ್ಕ ನಿಂತರು. ನಾನು ಸೂಜಿಯ ಕೆಳಗಿದ್ದ ಬಟ್ಟೆಯನ್ನೇ ನೋಡುತ್ತ ಕೂತೆ. ಯಾರದೋ ಮಗುವಿನ ಹಳದಿ ಫ್ರಾಕು. ಅಷ್ಟು ವರ್ಷವಾದರೂ ಅವರು ಪಕ್ಕಕ್ಕೆ ಬಂದು ನಿಂತರೆ ನನ್ನ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅಂದೂ ಮುಚ್ಚಿಕೊಂಡಿತು.

"ಆವತ್ತು ಸಮುದ್ರದ ನೀರು ಯಾಕೆ ಉಪ್ಪು ಅಂದಾಗ ನಿಂಗೆ ನಿಜವಾಗ್ಲೂ ಗೊತ್ತಿರಲಿಲ್ವೇನೇ?" ಎಂದು ಕೇಳಿದರು.

"ಇಲ್ಲ ಅಪ್ಪ. ಗೊತ್ತಿರಲಿಲ್ಲ."

"ಹಾಗಾದ್ರೆ ನೀನೇ ಸರಿ," ಅಂದರು ಅಪ್ಪ.